ಸಾಲ್ಸ್‌ಬರಿ ಕ್ಯಾಥೆಡ್ರಲ್: ತೆಳುಪಾಯದ ಮೇಲೆ ಏಳು ಶತಮಾನ ನಿಂತ ಶಿಖರ

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿರುವ ವಿಲ್ಟ್‌ಶೈರ್ ಕೌಂಟಿಯ ಸಾಲ್ಸ್‌ಬರಿ ಪಟ್ಟಣದಲ್ಲಿ ಬ್ರಿಟನ್ನಿನ ಅತಿ ಎತ್ತರದ ಚರ್ಚ್ ಶಿಖರವಿದೆ. ನೆಲದಿಂದ ತುದಿಯವರೆಗೆ 123 ಮೀಟರ್ ಎತ್ತರದ ಈ ಶಿಖರವನ್ನು ಹೊತ್ತಿರುವುದು 13ನೆಯ ಶತಮಾನದಲ್ಲಿ ಕಟ್ಟಿದ ಸಾಲ್ಸ್‌ಬರಿ ಕ್ಯಾಥೆಡ್ರಲ್. ಒಂದು ಪ್ರಾಂತ್ಯದ ಚರ್ಚುಗಳಿಗೆಲ್ಲ ಮುಖ್ಯಸ್ಥರಾದ ಬಿಷಪ್ಪರ ಪೀಠ ಇರುವ ಚರ್ಚನ್ನು ಕ್ಯಾಥೆಡ್ರಲ್ ಎನ್ನುತ್ತಾರೆ. ಸಾಲ್ಸ್‌ಬರಿಯ ಕ್ಯಾಥೆಡ್ರಲ್ ಯೇಸುವಿನ ತಾಯಿ ಮರಿಯಳಿಗೆ ಅರ್ಪಿತವಾದದ್ದು.

ಇಂಗ್ಲೆಂಡಿನ ಮಧ್ಯಯುಗದ ಕಟ್ಟಡಗಳಲ್ಲಿ ಇದಕ್ಕೆ ವಿಶೇಷ ಸ್ಥಾನ ಸಿಕ್ಕಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಇದರ ಮುಖ್ಯ ಭಾಗ ಒಂದೇ ತಲೆಮಾರಿನ ಅವಧಿಯಲ್ಲಿ, ಒಂದೇ ಶೈಲಿಯಲ್ಲಿ ಮುಗಿದದ್ದು. ಎರಡನೆಯದು, ಮುಗಿದ ಕಟ್ಟಡದ ಮೇಲೆ ಮುಂದಿನ ತಲೆಮಾರಿನವರು ಹೇರಿದ 6,500 ಟನ್ ಭಾರವನ್ನು ಅದು ಇಂದಿಗೂ ತಾಳಿಕೊಂಡಿರುವುದು. ಆ ಭಾರವನ್ನು ಹೇರಿದವರಷ್ಟೇ ಅಲ್ಲ, ಪ್ರತಿ ಶತಮಾನದಲ್ಲೂ ಅದು ಬೀಳದಂತೆ ನೋಡಿಕೊಂಡವರೂ ಈ ಕಟ್ಟಡದ ನಿರ್ಮಾತೃಗಳೇ.

ಗುಡ್ಡದಿಂದ ಬಯಲಿಗೆ

ಈಗಿನ ಪಟ್ಟಣದ ಉತ್ತರಕ್ಕೆ ಸುಮಾರು 3 ಕಿಲೋಮೀಟರ್ ದೂರದಲ್ಲಿ ಓಲ್ಡ್ ಸೇರಮ್ ಎಂಬ ಗುಡ್ಡವಿದೆ. ಕ್ರಿಸ್ತಪೂರ್ವ ಕಾಲದ ಮಣ್ಣಿನ ಕೋಟೆಯ ಜಾಗವದು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಅಲ್ಲೇ ತಮ್ಮ ಕೋಟೆಯನ್ನು ಕಟ್ಟಿದರು. ಪಕ್ಕದಲ್ಲೇ ಮೊದಲ ಕ್ಯಾಥೆಡ್ರಲ್ ಎದ್ದಿತು. ಬಿಷಪ್ ಆಸ್ಮಂಡ್ ಅವರ ಕಾಲದಲ್ಲಿ, 1092ರಲ್ಲಿ, ಅದರ ಪ್ರತಿಷ್ಠೆಯಾಯಿತು. ಕೆಲವೇ ದಿನಗಳಲ್ಲಿ ಬಿರುಗಾಳಿಗೆ ಸಿಕ್ಕಿ ಕಟ್ಟಡಕ್ಕೆ ಹಾನಿಯಾಯಿತು. ಮುಂದೆ ಅದನ್ನು ದುರಸ್ತಿ ಮಾಡಿ ದೊಡ್ಡದಾಗಿ ವಿಸ್ತರಿಸಿದರೂ ಗುಡ್ಡದ ಮೇಲಿನ ಬದುಕು ಪಾದ್ರಿಗಳಿಗೆ ಒಗ್ಗಲಿಲ್ಲ. ಕುಡಿಯುವ ನೀರಿಗೆ ತತ್ವಾರ, ಮಾತು ಕೇಳದಷ್ಟು ಗಾಳಿ. ಇವುಗಳ ಜೊತೆಗೆ ಕೋಟೆಯ ಸೈನಿಕರೊಂದಿಗೆ ನಿತ್ಯ ತಕರಾರು.

ಸ್ಥಳ ಬದಲಿಸುವ ವಿಚಾರವನ್ನು ಮೊದಲು ಎತ್ತಿದವರು ಬಿಷಪ್ ಹರ್ಬರ್ಟ್ ಪೂರ್. ಅದನ್ನು ಕೈಗೂಡಿಸಿದವರು ಅವರ ತಮ್ಮ, ಮುಂದಿನ ಬಿಷಪ್ ರಿಚರ್ಡ್ ಪೂರ್. ಪೋಪ್ ಮೂರನೆಯ ಹೊನೋರಿಯಸ್ ಅವರ ಅನುಮತಿ ಪಡೆದು, ಗುಡ್ಡದ ಕೆಳಗೆ ಏವನ್ ಮತ್ತು ಅದರ ಉಪನದಿಗಳು ಕೂಡುವ ಹುಲ್ಲುಬಯಲನ್ನು ಅವರು ಆರಿಸಿದರು. ಓಲ್ಡ್ ಸೇರಮ್‌ನ ಕೋಟೆಯ ಮೇಲಿನಿಂದ ಬಿಲ್ಲುಗಾರನೊಬ್ಬ ಬಿಟ್ಟ ಬಾಣ ಜಿಂಕೆಗೆ ತಗುಲಿತು, ಗಾಯಗೊಂಡ ಜಿಂಕೆ ಓಡಿಹೋಗಿ ಪ್ರಾಣ ಬಿಟ್ಟ ಜಾಗದಲ್ಲೇ ಚರ್ಚ್ ಕಟ್ಟಿದರು ಎಂಬ ಐತಿಹ್ಯ ಊರಿನಲ್ಲಿ ಇಂದಿಗೂ ಇದೆ. ಇತಿಹಾಸ ಹೇಳುವ ಕಾರಣ ಸರಳ: ಆ ಬಯಲು ಬಿಷಪ್ಪರ ಸ್ವಂತ ಜಮೀನಾಗಿತ್ತು, ಅಲ್ಲಿ ನೀರು ಧಾರಾಳವಾಗಿತ್ತು.

ಕ್ಯಾಥೆಡ್ರಲ್ ಜೊತೆಗೆ ಒಂದು ಹೊಸ ಪಟ್ಟಣವೇ ಹುಟ್ಟಿತು. ಚೌಕ ಚೌಕವಾಗಿ ಬೀದಿಗಳನ್ನು ಗುರುತಿಸಿ ನಿವೇಶನಗಳನ್ನು ಹಂಚಲಾಯಿತು. ಬೀದಿಗಳಲ್ಲಿ ನೀರಿನ ಕಾಲುವೆಗಳು ಹರಿದವು. 1227ರಲ್ಲಿ ದೊರೆ ಮೂರನೆಯ ಹೆನ್ರಿ ಪಟ್ಟಣಕ್ಕೆ ಸನ್ನದು ಕೊಟ್ಟ. ಜನ ಗುಡ್ಡ ಬಿಟ್ಟು ಕೆಳಗಿಳಿದರು. ಹಳೆಯ ಕ್ಯಾಥೆಡ್ರಲ್ಲಿನ ಕಲ್ಲುಗಳು ಮುಂದಿನ ಶತಮಾನದಲ್ಲಿ ಹೊಸ ಕ್ಯಾಥೆಡ್ರಲ್ ಆವರಣದ ಗೋಡೆಗೆ ಬಳಕೆಯಾದವು. ಕೆತ್ತನೆಯ ಗುರುತುಳ್ಳ ಕೆಲವು ಹಳೆಯ ಕಲ್ಲುಗಳನ್ನು ಆ ಗೋಡೆಯಲ್ಲಿ ಈಗಲೂ ಕಾಣಬಹುದು.

ಮೂವತ್ತೆಂಟು ವರ್ಷಗಳ ಕೆಲಸ

1220ರ ಏಪ್ರಿಲ್ 28ರಂದು ಶಂಕುಸ್ಥಾಪನೆ ನಡೆಯಿತು. ದೊರೆ ಜಾನ್‌ನ ಮಲತಮ್ಮ, ಸಾಲ್ಸ್‌ಬರಿಯ ಅರ್ಲ್ ವಿಲಿಯಂ ಲಾಂಗೆಸ್ಪೇ ಮತ್ತು ಅವನ ಹೆಂಡತಿ ಏಲಾ ಅಡಿಗಲ್ಲು ಇಟ್ಟವರಲ್ಲಿದ್ದರು. ಕೆಲಸ ಪೂರ್ವ ತುದಿಯಿಂದ ಆರಂಭವಾಯಿತು. ಪೂಜೆಗೆ ಮೊದಲು ಬೇಕಾದದ್ದು ಆ ಭಾಗ. ಐದೇ ವರ್ಷಗಳಲ್ಲಿ, 1225ರಲ್ಲಿ, ಅಲ್ಲಿನ ಟ್ರಿನಿಟಿ ಚಾಪೆಲ್‌ನ ಪ್ರತಿಷ್ಠೆಯಾಯಿತು. 1226ರಲ್ಲಿ ತೀರಿಕೊಂಡ ಲಾಂಗೆಸ್ಪೇಯೇ ಈ ಕ್ಯಾಥೆಡ್ರಲ್ಲಿನಲ್ಲಿ ಸಮಾಧಿಯಾದ ಮೊದಲಿಗ. ಸರಪಳಿ ಕವಚ ತೊಟ್ಟು, ಸಿಂಹಗಳ ಚಿತ್ರವಿರುವ ಗುರಾಣಿ ಹಿಡಿದು ಮಲಗಿರುವ ಅವನ ಪ್ರತಿಮೆಯನ್ನು ಇಂದಿಗೂ ನೋಡಬಹುದು.

ಕಟ್ಟಡದ ಉಸ್ತುವಾರಿ ಹೊತ್ತವರು ಎಲಿಯಾಸ್ ಆಫ್ ಡೆರೆಹಮ್ ಎಂಬ ಪಾದ್ರಿ. ಕಲ್ಲು ಕೆಲಸದ ಮುಖ್ಯ ಮೇಸ್ತ್ರಿ ನಿಕೋಲಸ್ ಆಫ್ ಈಲಿ. ಗೋಡೆಗಳಿಗೆ ಸುಮಾರು 19 ಕಿಲೋಮೀಟರ್ ದೂರದ ಚಿಲ್ಮಾರ್ಕ್ ಗಣಿಯ ತಿಳಿ ಬಣ್ಣದ ಸುಣ್ಣಕಲ್ಲು ಬಂತು. ಒಳಗಿನ ಸಪೂರ ಕಂಬಗಳಿಗೆ ಡಾರ್ಸೆಟ್ ಕರಾವಳಿಯ ಪರ್ಬೆಕ್ ಕಲ್ಲನ್ನು ತರಿಸಿದರು. ಇದನ್ನು ಪರ್ಬೆಕ್ ಅಮೃತಶಿಲೆ ಎಂದು ಕರೆದರೂ ಇದು ಉಜ್ಜಿದರೆ ಹೊಳಪು ಬರುವ ಒಂದು ಬಗೆಯ ಸುಣ್ಣಕಲ್ಲು. ಹತ್ತಿರದಿಂದ ನೋಡಿದರೆ ಅದರೊಳಗೆ ಒತ್ತೊತ್ತಾಗಿ ಹುದುಗಿರುವ ಪುಟ್ಟ ಬಸವನಹುಳುಗಳ ಚಿಪ್ಪುಗಳು ಕಾಣುತ್ತವೆ. ಚಾವಣಿಗೆ ಓಕ್ ಮರದ ತೊಲೆಗಳು, ಅದರ ಮೇಲೆ ಸೀಸದ ತಗಡಿನ ಹೊದಿಕೆ. ಒಟ್ಟು ಸುಮಾರು 70,000 ಟನ್ ಕಲ್ಲು, 3,000 ಟನ್ ಮರ, 450 ಟನ್ ಸೀಸ ಬಳಕೆಯಾಗಿದೆ ಎಂಬುದು ಅಂದಾಜು.

1258ರ ಸೆಪ್ಟೆಂಬರ್‌ನಲ್ಲಿ ಮುಖ್ಯ ಕಟ್ಟಡದ ಪ್ರತಿಷ್ಠೆ ನಡೆಯಿತು. ಆ ಕಾಲಕ್ಕೆ ಇದು ಅಪರೂಪದ ವೇಗ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಮಾದರಿಯಾದ ಜರ್ಮನಿಯ ಕಲೋನ್ ಕ್ಯಾಥೆಡ್ರಲ್ 1248ರಲ್ಲಿ ಆರಂಭವಾಗಿ, ನಡುವೆ ಶತಮಾನಗಳ ಕಾಲ ನಿಂತುಹೋಗಿ, ಪೂರ್ಣಗೊಂಡದ್ದು 1880ರಲ್ಲಿ. ಹಾಗೆ ಕೆಲಸ ಎಳೆದಾಡಿದಾಗಲೆಲ್ಲ ಶೈಲಿ ಬದಲಾಗುತ್ತದೆ, ಹಳೆಯದರ ಪಕ್ಕದಲ್ಲಿ ಹೊಸದು ಸೇರಿಕೊಳ್ಳುತ್ತದೆ. ಸಾಲ್ಸ್‌ಬರಿಯಲ್ಲಿ ಖಾಲಿ ಬಯಲಿನಲ್ಲಿ ಹೊಸದಾಗಿ ಕಟ್ಟಿದ್ದರಿಂದ ಹಳೆಯ ಗೋಡೆಗೆ ಹೊಂದಿಸುವ ಕಷ್ಟ ಇರಲಿಲ್ಲ. ಪೂರ್ವದಿಂದ ಪಶ್ಚಿಮದವರೆಗೆ ಒಂದೇ ಕೈಯ ಕೆಲಸದಂತೆ ಕಾಣುವ ಸಮತೋಲ ಅದಕ್ಕೆ ಬಂದದ್ದು ಹೀಗೆ.

ಕಟ್ಟಡದ ರೂಪ

ಸಾಲ್ಸ್‌ಬರಿಯ ಶೈಲಿಯನ್ನು ಆರಂಭಿಕ ಇಂಗ್ಲಿಷ್ ಗೋಥಿಕ್ ಎನ್ನುತ್ತಾರೆ. ಗೋಥಿಕ್ ಶೈಲಿಯ ಜೀವಾಳ ಚೂಪು ಕಮಾನು. ಅದಕ್ಕೂ ಹಿಂದಿನ ಅರ್ಧವೃತ್ತದ ಕಮಾನು ತನ್ನ ಮೇಲಿನ ಭಾರವನ್ನು ಹೆಚ್ಚಾಗಿ ಪಕ್ಕಕ್ಕೆ ತಳ್ಳುತ್ತದೆ; ಆ ತಳ್ಳಿಕೆಯನ್ನು ತಡೆಯಲು ಗೋಡೆ ದಪ್ಪವಾಗಿರಬೇಕು, ಕಿಟಕಿ ಚಿಕ್ಕದಾಗಿರಬೇಕು. ಚೂಪು ಕಮಾನಿನಲ್ಲಿ ಭಾರ ಹೆಚ್ಚಾಗಿ ಕೆಳಮುಖವಾಗಿ ಇಳಿಯುತ್ತದೆ. ಉಳಿದ ತಳ್ಳಿಕೆಯನ್ನು ಹೊರಗಿನ ಒತ್ತುಗೋಡೆಗಳು ತೆಗೆದುಕೊಳ್ಳುತ್ತವೆ. ಇದರಿಂದ ಗೋಡೆ ತೆಳುವಾಗಿ, ಕಂಬ ಸಪೂರವಾಗಿ, ಕಿಟಕಿ ದೊಡ್ಡದಾಗಿ ಕಟ್ಟಲು ಸಾಧ್ಯವಾಯಿತು. ಸಾಲ್ಸ್‌ಬರಿಯ ಕಿಟಕಿಗಳು ಎತ್ತರವಾಗಿ, ಕಿರಿದಾಗಿ, ಭರ್ಜಿಯ ಮೊನೆಯ ಆಕಾರದಲ್ಲಿವೆ. ಎರಡು, ಮೂರು, ಐದರ ಗುಂಪುಗಳಲ್ಲಿ ಅವುಗಳನ್ನು ಜೋಡಿಸಲಾಗಿದೆ.

ನೆಲನಕ್ಷೆ ಶಿಲುಬೆಯ ಆಕಾರದ್ದು. ಆದರೆ ಇಲ್ಲಿ ಅಡ್ಡ ಹಜಾರಗಳು ಎರಡು. ಪಶ್ಚಿಮದ ಬಾಗಿಲಿನಿಂದ ಜನ ಸೇರುವ ನಡು ಹಜಾರ, ಅದು ದೊಡ್ಡ ಅಡ್ಡ ಹಜಾರವನ್ನು ಕೂಡುವ ಚೌಕ, ಅದರಾಚೆ ಗಾಯಕವೃಂದದ ಜಾಗ, ಮತ್ತೊಂದು ಚಿಕ್ಕ ಅಡ್ಡ ಹಜಾರ, ಬಲಿಪೀಠ, ಕೊನೆಗೆ ಟ್ರಿನಿಟಿ ಚಾಪೆಲ್ ಹೀಗೆ ಸಾಲಾಗಿ ಬರುತ್ತವೆ. ಒಟ್ಟು ಉದ್ದ ಸುಮಾರು 135 ಮೀಟರ್. ನಡು ಹಜಾರದ ಕಲ್ಲಿನ ಚಾವಣಿ ನೆಲದಿಂದ ಸುಮಾರು 25 ಮೀಟರ್ ಎತ್ತರದಲ್ಲಿದೆ. ತಿಳಿ ಬಣ್ಣದ ಗೋಡೆಯ ಎದುರು ಪರ್ಬೆಕ್ ಕಲ್ಲಿನ ಕಪ್ಪು ಛಾಯೆಯ ಕಂಬಗಳು ಎದ್ದು ಕಾಣುತ್ತವೆ. ಕೆತ್ತನೆಯ ಭರಾಟೆ ಇಲ್ಲದ ಒಳಾಂಗಣಕ್ಕೆ ಈ ಎರಡು ಬಣ್ಣಗಳ ಜೋಡಣೆಯೇ ಮುಖ್ಯ ಅಲಂಕಾರ. ಪಶ್ಚಿಮದ ಮುಖಗೋಡೆ ಮಾತ್ರ ಸಾಲುಸಾಲು ಗೂಡುಗಳಿಂದಲೂ ಸಂತರ ಪ್ರತಿಮೆಗಳಿಂದಲೂ ತುಂಬಿದೆ. ಅವುಗಳಲ್ಲಿ ಬಹುಪಾಲು 19ನೆಯ ಶತಮಾನದಲ್ಲಿ ಕೂರಿಸಿದವು; ಮಧ್ಯಯುಗದ ಪ್ರತಿಮೆಗಳು ಬೆರಳೆಣಿಕೆಯಷ್ಟು ಉಳಿದಿವೆ.

ದಕ್ಷಿಣ ಭಾಗಕ್ಕೆ ಹೊಂದಿಕೊಂಡು ನಾಲ್ಕು ಕಡೆ ಕಮಾನಿನ ಮೊಗಸಾಲೆಗಳಿರುವ ಚೌಕಾಕಾರದ ಪ್ರಾಂಗಣವಿದೆ. ಇಂಥ ಪ್ರಾಂಗಣ ಸಾಮಾನ್ಯವಾಗಿ ಸನ್ಯಾಸಿಗಳ ಮಠಗಳಲ್ಲಿ ಇರುತ್ತದೆ. ಸಾಲ್ಸ್‌ಬರಿ ಎಂದೂ ಸನ್ಯಾಸಿಗಳ ಮಠವಾಗಿರಲಿಲ್ಲ. ಆದರೂ ಬ್ರಿಟನ್ನಿನ ಕ್ಯಾಥೆಡ್ರಲ್‌ಗಳಲ್ಲೇ ಅತಿ ದೊಡ್ಡ ಪ್ರಾಂಗಣ ಇಲ್ಲಿಯದು. ಕ್ಯಾಥೆಡ್ರಲ್ ಸುತ್ತಲಿನ ಹುಲ್ಲುಹಾಸು, ಪಾದ್ರಿಗಳ ಮನೆಗಳು, ಶಾಲೆಗಳು ಎಲ್ಲ ಸೇರಿದ ಗೋಡೆಯೊಳಗಿನ ಆವರಣ ಸುಮಾರು 80 ಎಕರೆ.

ಶಿಖರದ ಭಾರ

1258ರಲ್ಲಿ ಕಟ್ಟಡ ಮುಗಿದಾಗ ನಡುವಿನ ಚೌಕದ ಮೇಲೆ ಇದ್ದದ್ದು ಚಾವಣಿಗಿಂತ ತುಸು ಎತ್ತರದ ಒಂದು ಗಿಡ್ಡ ಗೋಪುರ. ಕೆಳಗಿನ ನಾಲ್ಕು ಕಂಬಗಳನ್ನು ಅಷ್ಟು ಭಾರಕ್ಕೆಂದೇ ಕಟ್ಟಿದ್ದರು. 14ನೆಯ ಶತಮಾನದ ಮೊದಲ ದಶಕಗಳಲ್ಲಿ ಅದರ ಮೇಲೆ ಇನ್ನೆರಡು ಅಂತಸ್ತುಗಳ ಗೋಪುರವನ್ನೂ, ಗೋಪುರದ ಮೇಲೆ ಎಂಟು ಮುಖಗಳ ಕಲ್ಲಿನ ಶಿಖರವನ್ನೂ ಏರಿಸಿದರು. ಹೊಸದಾಗಿ ಬಿದ್ದ ಭಾರ ಸುಮಾರು 6,500 ಟನ್.

ಇಷ್ಟೆಲ್ಲ ಭಾರ ಇಳಿಯುವ ಪಾಯದ ಆಳ ಸುಮಾರು 1.2 ಮೀಟರ್, ಅಂದರೆ ನಾಲ್ಕು ಅಡಿ ಮಾತ್ರ. ನದಿಬಯಲಿನಲ್ಲಿ ಅದಕ್ಕಿಂತ ಆಳ ಅಗೆದರೆ ನೀರು ಉಕ್ಕುತ್ತದೆ. ಆದರೆ ಪಾಯದ ಕೆಳಗೆ ಸುಮಾರು 8 ಮೀಟರ್ ದಪ್ಪದ ಗರಸಿನ ಪದರವಿದೆ. ಒತ್ತಾಗಿ ಕೂತ ಗರಸು ಭಾರವನ್ನು ಹರಡಿ ತಾಳಿಕೊಳ್ಳುತ್ತದೆ. ಅದರೊಳಗಿನ ನೀರಿನ ಮಟ್ಟ ಹೆಚ್ಚು ಏರುಪೇರಾಗದೆ ಇರುವುದೂ ಮುಖ್ಯ. ಈ ಮಟ್ಟವನ್ನು ಪರೀಕ್ಷಿಸಲು ನೆಲಹಾಸಿನಲ್ಲಿ ಒಂದು ಮುಚ್ಚಳವುಳ್ಳ ರಂಧ್ರವಿದೆ. ಸಿಬ್ಬಂದಿ ಮುಚ್ಚಳ ತೆಗೆದು ಉದ್ದನೆಯ ಅಳತೆಕೋಲನ್ನು ಇಳಿಬಿಟ್ಟು, ಮೇಲಕ್ಕೆತ್ತಿ, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡುತ್ತಾರೆ. ಕ್ಯಾಥೆಡ್ರಲ್ ನೋಡಲು ಬಂದವರಿಗೂ ಇದನ್ನು ಮಾಡಿ ತೋರಿಸುತ್ತಾರೆ. ಕೋಲು ಕೆಲವೇ ಅಡಿ ಇಳಿಯುವಷ್ಟರಲ್ಲಿ ನೀರು ಸಿಗುತ್ತದೆ. 1915ರ ಜನವರಿಯಲ್ಲಿ ನೆರೆ ಬಂದಾಗ ನೀರು ಕ್ಯಾಥೆಡ್ರಲ್ಲಿನ ಒಳಗೇ ನಿಂತಿತ್ತು.

ಗರಸು ತಾಳಿಕೊಂಡರೂ ಕಂಬಗಳು ಭಾರಕ್ಕೆ ಬಾಗಿದವು. ಚೌಕದಲ್ಲಿ ಕಂಬದ ಬುಡಕ್ಕೆ ನಿಂತು ಕತ್ತೆತ್ತಿ ನೋಡಿದರೆ ಪರ್ಬೆಕ್ ಕಲ್ಲು ಬಿಲ್ಲಿನಂತೆ ಬಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಇದನ್ನು ಕಂಡ ಮಧ್ಯಯುಗದ ಮೇಸ್ತ್ರಿಗಳು ಸುಮ್ಮನೆ ಕೂರಲಿಲ್ಲ. ಗೋಪುರದ ಗೋಡೆಗಳನ್ನು ಕಬ್ಬಿಣದ ಪಟ್ಟಿಗಳಿಂದ ಬಿಗಿದರು. ಅದರ ತಳ್ಳಿಕೆಯನ್ನು ಹಂಚಲು ಒತ್ತುಗಮಾನುಗಳನ್ನು ಕಟ್ಟಿದರು. ಪೂರ್ವದ ಚಿಕ್ಕ ಅಡ್ಡ ಹಜಾರದ ಬಾಯಿಯಲ್ಲಿ ಒಂದು ನೇರ ಕಮಾನಿನ ಮೇಲೆ ಇನ್ನೊಂದು ತಲೆಕೆಳಗಾದ ಕಮಾನನ್ನು ಕೂರಿಸಿದರು. ಎರಡೂ ಸೇರಿ ಎದುರುಬದುರಿನ ಕಂಬಗಳು ಒಳಕ್ಕೆ ಬಾಗದಂತೆ ಅಡ್ಡಗಟ್ಟುತ್ತವೆ. 15ನೆಯ ಶತಮಾನದಲ್ಲಿ ದೊಡ್ಡ ಅಡ್ಡ ಹಜಾರದ ಎರಡೂ ಬದಿಗೆ ಕಲ್ಲಿನ ಅಡ್ಡಗಮಾನು ಹಾಕಿದರು. ಚೌಕದ ಮೇಲೆ ಗೋಪುರದ ತಳವನ್ನು ಬಿಗಿಹಿಡಿಯುವ ಕಲ್ಲಿನ ಚಾವಣಿಯನ್ನೂ ಸೇರಿಸಿದರು.

1668ರಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಕ್ರಿಸ್ಟಫರ್ ರೆನ್ ಕಟ್ಟಡವನ್ನು ಪರೀಕ್ಷಿಸಿದರು. ಶಿಖರ ನೇರವಾಗಿಲ್ಲ, ತುದಿ ನೈಋತ್ಯಕ್ಕೆ ಸುಮಾರು 75 ಸೆಂಟಿಮೀಟರ್ ವಾಲಿದೆ ಎಂದು ತಿಳಿಯಿತು. ಅವರು ಇನ್ನಷ್ಟು ಕಬ್ಬಿಣದ ಬಿಗಿತಗಳನ್ನು ಸೂಚಿಸಿದರು. ಶಿಖರದ ತುದಿಯ ನೇರ ಕೆಳಗೆ ತೂಗುಗುಂಡು ಬೀಳುವ ಜಾಗವನ್ನು ನೆಲದಲ್ಲಿ ಗುರುತು ಮಾಡಲಾಗಿದೆ. 18ನೆಯ ಮತ್ತು 20ನೆಯ ಶತಮಾನಗಳಲ್ಲಿ ಮತ್ತೆ ಅಳೆದಾಗ ವಾಲಿಕೆ ಹೆಚ್ಚಿರಲಿಲ್ಲ. ಇದೇ ಇಂಗ್ಲೆಂಡಿನ ಲಿಂಕನ್ ಕ್ಯಾಥೆಡ್ರಲ್ಲಿನ ಶಿಖರ 1548ರಲ್ಲಿ ಉರುಳಿತು; ಲಂಡನ್ನಿನ ಹಳೆಯ ಸಂತ ಪೌಲರ ಕ್ಯಾಥೆಡ್ರಲ್ಲಿನ ಶಿಖರ 1561ರಲ್ಲಿ ಸಿಡಿಲಿಗೆ ಸುಟ್ಟುಹೋಯಿತು. ಅಂದಿನಿಂದ ಬ್ರಿಟನ್ನಿನ ಅತಿ ಎತ್ತರದ ಚರ್ಚ್ ಶಿಖರವೆಂಬ ಸ್ಥಾನ ಸಾಲ್ಸ್‌ಬರಿಗೆ ಬಂದಿದೆ.

ಶಿಖರ ಒಳಗೆ ಪೊಳ್ಳು. ಬುಡದಲ್ಲಿ ಸುಮಾರು 60 ಸೆಂಟಿಮೀಟರ್ ದಪ್ಪವಿರುವ ಅದರ ಗೋಡೆ ಮೇಲೇರುತ್ತ 20 ಸೆಂಟಿಮೀಟರ್‌ನಷ್ಟು ತೆಳುವಾಗುತ್ತದೆ. ಭಾರ ತಗ್ಗಿಸಲು ಮೇಸ್ತ್ರಿಗಳು ಕಂಡುಕೊಂಡ ಉಪಾಯವಿದು. ಕಟ್ಟುವಾಗ ಒಳಗೆ ನಿಲ್ಲಿಸಿದ ಮರದ ಅಟ್ಟಣಿಗೆಯನ್ನು ಬಿಚ್ಚದೆ ಹಾಗೆಯೇ ಬಿಟ್ಟರು. ಅದು ಇಂದಿಗೂ ಶಿಖರದೊಳಗಿದೆ. ಕಲ್ಲುಗಳನ್ನು ಮೇಲಕ್ಕೆ ಎಳೆಯುತ್ತಿದ್ದ ಮರದ ರಾಟೆಯೂ ಗೋಪುರದಲ್ಲಿ ಉಳಿದಿದೆ. 1762ರಲ್ಲಿ ತುದಿಯ ದುರಸ್ತಿಗೆ ಹತ್ತಿದವರಿಗೆ ಕಲ್ಲಿನ ನಡುವೆ ಸೀಸದ ಕರಡಿಗೆಯೊಂದು ಸಿಕ್ಕಿತು. ಅದರೊಳಗೆ ಮರದ ಪೆಟ್ಟಿಗೆ, ಮರದ ಪೆಟ್ಟಿಗೆಯಲ್ಲಿ ಜೀರ್ಣವಾದ ಬಟ್ಟೆಯ ಚೂರು. ಶಿಖರಕ್ಕೆ ರಕ್ಷೆಯಾಗಿರಲೆಂದು ಮರಿಯಳ ವಸ್ತ್ರವೆಂದು ನಂಬಿದ ಚೂರನ್ನು ಕಟ್ಟಿದವರೇ ಅಲ್ಲಿಟ್ಟಿರಬೇಕೆಂದು ಭಾವಿಸಲಾಗಿದೆ.

ಮುಖವಿಲ್ಲದ ಗಡಿಯಾರ

ನಡು ಹಜಾರದ ಉತ್ತರ ಪಕ್ಕದಲ್ಲಿ ಕಬ್ಬಿಣದ ಚೌಕಟ್ಟಿನ ಒಂದು ಯಂತ್ರವಿದೆ. ಅದಕ್ಕೆ ಮುಖವೂ ಇಲ್ಲ, ಮುಳ್ಳುಗಳೂ ಇಲ್ಲ. ಗಂಟೆಗೊಮ್ಮೆ ಗಂಟೆ ಬಾರಿಸುವುದಷ್ಟೇ ಅದರ ಕೆಲಸವಾಗಿತ್ತು. ಗಡಿಯಾರ ನೋಡಿಕೊಳ್ಳುವವನ ಮನೆಯ ಉಲ್ಲೇಖ 1386ರ ದಾಖಲೆಯಲ್ಲಿ ಬರುವುದರಿಂದ ಯಂತ್ರವನ್ನೂ ಆ ಕಾಲದ್ದೆಂದು ಹೇಳುತ್ತಾರೆ. ಇನ್ನೂ ನಡೆಯುತ್ತಿರುವ ಯಾಂತ್ರಿಕ ಗಡಿಯಾರಗಳಲ್ಲಿ ಇದೇ ಜಗತ್ತಿನ ಅತ್ಯಂತ ಹಳೆಯದು ಎಂಬ ಹೆಸರು ಅದಕ್ಕಿದೆ.

ಕಮ್ಮಾರರು ಬಡಿದು ಮಾಡಿದ ಇದರ ಬಿಡಿಭಾಗಗಳಿಗೆ ತಿರುಪುಮೊಳೆಗಳಿಲ್ಲ. ಬೆಣೆ ಹೊಡೆದು ಜೋಡಿಸಲಾಗಿದೆ. ಹಗ್ಗಕ್ಕೆ ಕಟ್ಟಿದ ಎರಡು ಕಲ್ಲಿನ ತೂಕಗಳು ಇಳಿಯುತ್ತಿದ್ದಂತೆ ಚಕ್ರಗಳು ತಿರುಗುತ್ತವೆ. ಒಂದು ತೂಕ ಕಾಲ ನಡೆಸುತ್ತದೆ, ಇನ್ನೊಂದು ಗಂಟೆ ಹೊಡೆಸುತ್ತದೆ. 1884ರವರೆಗೆ ಉಪಯೋಗದಲ್ಲಿದ್ದ ಯಂತ್ರ ಆಮೇಲೆ ಮೂಲೆಗೆ ಬಿದ್ದು, 1928ರ ಹೊತ್ತಿಗೆ ಗೋಪುರದಲ್ಲಿ ಮತ್ತೆ ಕಣ್ಣಿಗೆ ಬಿತ್ತು. ನಡುವೆ ಅದಕ್ಕೆ ಸೇರಿಸಿದ್ದ ಲೋಲಕವನ್ನು ತೆಗೆದು, ಮೂಲದ ವ್ಯವಸ್ಥೆಯನ್ನು ಮರಳಿ ಅಳವಡಿಸಿ 1956ರಲ್ಲಿ ಓಡಿಸಲಾಯಿತು.

ಚಾಪ್ಟರ್ ಹೌಸ್ ಮತ್ತು ಮ್ಯಾಗ್ನಾ ಕಾರ್ಟಾ

ಕ್ಯಾಥೆಡ್ರಲ್ಲಿನ ಆಡಳಿತ ಮಂಡಳಿ ಸಭೆ ಸೇರುತ್ತಿದ್ದ ಕೋಣೆಗೆ ಚಾಪ್ಟರ್ ಹೌಸ್ ಎಂದು ಹೆಸರು. 13ನೆಯ ಶತಮಾನದ ಉತ್ತರಾರ್ಧದ ಈ ಎಂಟು ಮೂಲೆಯ ಕೋಣೆಯ ನಡುವೆ ಒಂದೇ ಒಂದು ಸಪೂರ ಕಂಬವಿದೆ. ಅದರ ತಲೆಯಿಂದ ಕವಲೊಡೆದ ಪಕ್ಕೆಗಳು ಇಡೀ ಚಾವಣಿಯನ್ನು ಹಿಡಿದಿವೆ. ಗೋಡೆಗೆ ಸುತ್ತಲೂ ಆಸನಗಳು. ಅವುಗಳ ಮೇಲಿನ ಶಿಲ್ಪಪಟ್ಟಿಕೆಯಲ್ಲಿ ಬೈಬಲ್ಲಿನ ಮೊದಲ ಎರಡು ಗ್ರಂಥಗಳ ಕತೆಗಳು ಸಾಲಾಗಿ ಬರುತ್ತವೆ. ಸೃಷ್ಟಿ, ನೋಹನ ನಾವೆ, ಯೋಸೇಫನ ಕನಸುಗಳು, ಮೋಶೆ ಎಲ್ಲವೂ ಅಲ್ಲಿವೆ.

ಇದೇ ಕೋಣೆಯಲ್ಲಿ ಇಂದು ಮ್ಯಾಗ್ನಾ ಕಾರ್ಟಾದ ಪ್ರದರ್ಶನವಿದೆ. 1215ರಲ್ಲಿ ಬಂಡೆದ್ದ ಸಾಮಂತರ ಒತ್ತಾಯಕ್ಕೆ ಮಣಿದು ದೊರೆ ಜಾನ್ ಮುದ್ರೆ ಒತ್ತಿದ ಸನ್ನದು ಇದು. ದೇಶದ ಕಾನೂನು ಅಥವಾ ಸಮಾನ ಸ್ಥಾನಿಕರ ನ್ಯಾಯಬದ್ಧ ತೀರ್ಪು ಇಲ್ಲದೆ ಯಾವ ಸ್ವತಂತ್ರ ವ್ಯಕ್ತಿಯನ್ನೂ ಸೆರೆಗೆ ಹಾಕುವಂತಿಲ್ಲ, ಅವನ ಆಸ್ತಿ ಕಸಿಯುವಂತಿಲ್ಲ ಎಂಬುದು ಅದರ ಅತಿ ಪ್ರಸಿದ್ಧ ಕಲಮು. ದೊರೆಯೂ ಕಾನೂನಿಗೆ ಒಳಪಟ್ಟವನು ಎಂಬ ತತ್ವಕ್ಕೆ ಮುಂದಿನ ಶತಮಾನಗಳಲ್ಲಿ ಜನ ಮತ್ತೆ ಮತ್ತೆ ಆಧಾರವಾಗಿ ತೋರಿಸಿದ್ದು ಈ ಸನ್ನದನ್ನೇ.

1215ರ ಮೂಲ ಪ್ರತಿಗಳಲ್ಲಿ ಉಳಿದಿರುವುದು ನಾಲ್ಕು. ಎರಡು ಬ್ರಿಟಿಷ್ ಲೈಬ್ರರಿಯಲ್ಲಿವೆ, ಒಂದು ಲಿಂಕನ್ ಕ್ಯಾಥೆಡ್ರಲ್ಲಿನದು, ನಾಲ್ಕನೆಯದು ಸಾಲ್ಸ್‌ಬರಿಯದು. ನಾಲ್ಕರಲ್ಲಿ ಚೆನ್ನಾಗಿ ಉಳಿದಿರುವುದು ಇದೇ ಎಂದು ಹೆಸರಾಗಿದೆ. ಒಂದೇ ಹಾಳೆ ಚರ್ಮಪತ್ರದ ಮೇಲೆ ಸುಮಾರು 3,500 ಪದಗಳ ಲ್ಯಾಟಿನ್ ಬರಹವನ್ನು ಸಣ್ಣ ಅಕ್ಷರಗಳಲ್ಲಿ ಒತ್ತಾಗಿ ಬರೆಯಲಾಗಿದೆ. ಕ್ಯಾಥೆಡ್ರಲ್ ಕಟ್ಟಿಸಿದ ಎಲಿಯಾಸ್ ಆಫ್ ಡೆರೆಹಮ್ 1215ರಲ್ಲಿ ಸನ್ನದಿನ ಪ್ರತಿಗಳನ್ನು ಹಂಚುವ ಹೊಣೆ ಹೊತ್ತವರಲ್ಲಿ ಒಬ್ಬರು. ಅಡಿಗಲ್ಲಿಟ್ಟ ಲಾಂಗೆಸ್ಪೇಯ ಹೆಸರು ದೊರೆಯ ಸಲಹೆಗಾರರ ಸಾಲಿನಲ್ಲಿ ಸನ್ನದಿನ ಒಳಗೇ ಇದೆ. 2018ರಲ್ಲಿ ವ್ಯಕ್ತಿಯೊಬ್ಬ ಸುತ್ತಿಗೆಯಿಂದ ಪ್ರದರ್ಶನದ ಗಾಜಿಗೆ ಹೊಡೆದರೂ ಪತ್ರಕ್ಕೆ ಯಾವ ಧಕ್ಕೆಯೂ ಆಗಲಿಲ್ಲ.

ಪೂಜೆ, ನಷ್ಟ, ಜೀರ್ಣೋದ್ಧಾರ

ಸಾಲ್ಸ್‌ಬರಿಯಲ್ಲಿ ರೂಪುಗೊಂಡ ಪೂಜಾಕ್ರಮಕ್ಕೆ ಸೇರಮ್ ವಿಧಿ ಎಂದು ಹೆಸರು. ಮಧ್ಯಯುಗದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಬಹುಭಾಗದ ಚರ್ಚುಗಳು ಅದನ್ನೇ ಅನುಸರಿಸುತ್ತಿದ್ದವು. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚ್ ರೋಮಿನಿಂದ ಬೇರೆಯಾದ ಮೇಲೆ, 1549ರಲ್ಲಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಜಾರಿಗೆ ಬಂದು ಈ ಕ್ರಮ ಹಿಂದೆ ಸರಿಯಿತು. 1457ರಲ್ಲಿ ಸಂತಪದವಿ ಪಡೆದಿದ್ದ ಆಸ್ಮಂಡರ ಗದ್ದುಗೆಯೂ ಆ ಕಾಲದ ಬದಲಾವಣೆಗಳಲ್ಲಿ ನಾಶವಾಯಿತು.

ಕಟ್ಟಡದ ಒಳಭಾಗದಲ್ಲಿ ಆದ ದೊಡ್ಡ ಬದಲಾವಣೆ 18ನೆಯ ಶತಮಾನದ ಕೊನೆಯದು. ವಾಸ್ತುಶಿಲ್ಪಿ ಜೇಮ್ಸ್ ವಯಟ್ ಎಲ್ಲವೂ ತೆರವಾಗಿ, ಅಚ್ಚುಕಟ್ಟಾಗಿ ಕಾಣಬೇಕೆಂದು ಬಯಸಿದರು. ಒಳಗಿನ ಅಡ್ಡತಡಿಕೆಗಳನ್ನೂ ಎರಡು ಚಿಕ್ಕ ಚಾಪೆಲ್‌ಗಳನ್ನೂ ತೆಗೆಸಿದರು, ಸಮಾಧಿಗಳನ್ನು ಎಬ್ಬಿಸಿ ಕಂಬಗಳ ನಡುವೆ ಸಾಲಾಗಿ ಇಡಿಸಿದರು, ಪ್ರತ್ಯೇಕವಾಗಿ ನಿಂತಿದ್ದ ಗಂಟೆಗೋಪುರವನ್ನು ಕೆಡವಿಸಿದರು. ಮಧ್ಯಯುಗದ ಬಣ್ಣದ ಗಾಜಿನ ಬಹುಪಾಲು ಆಗಲೇ ಹೋಯಿತು. 1791ರಲ್ಲಿ ಲಾಂಗೆಸ್ಪೇಯ ಸಮಾಧಿ ತೆರೆದಾಗ ತಲೆಬುರುಡೆಯೊಳಗೆ ಒಂದು ಇಲಿಯ ಅವಶೇಷ ಸಿಕ್ಕಿತು. ಆ ಇಲಿ ಈಗ ಸಾಲ್ಸ್‌ಬರಿ ಮ್ಯೂಸಿಯಂನಲ್ಲಿದೆ. 1860ರ ದಶಕದಿಂದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ನಡೆಸಿದ ಜೀರ್ಣೋದ್ಧಾರದಲ್ಲಿ ಗೋಪುರಕ್ಕೆ ಇನ್ನಷ್ಟು ಬಿಗಿತ, ಮುಖಗೋಡೆಗೆ ಹೊಸ ಪ್ರತಿಮೆಗಳು ಬಂದವು. 1877ರಲ್ಲಿ ಹೆನ್ರಿ ವಿಲಿಸ್ ತಯಾರಿಸಿದ ಆರ್ಗನ್ ಇಂದಿಗೂ ನುಡಿಯುತ್ತಿದೆ.

ಕಲಾವಿದರನ್ನೂ ಈ ಶಿಖರ ಸೆಳೆದಿದೆ. ಬಿಷಪ್ ಜಾನ್ ಫಿಶರ್ ಅವರ ಗೆಳೆತನದಿಂದ ಇಲ್ಲಿಗೆ ಬರುತ್ತಿದ್ದ ಜಾನ್ ಕಾನ್‌ಸ್ಟೆಬಲ್ ಇದನ್ನು ಹಲವು ಸಲ ಚಿತ್ರಿಸಿದರು. ಹುಲ್ಲುಗಾವಲಿನ ಕಡೆಯಿಂದ ಕಂಡಂತೆ, ಕಾರ್ಮೋಡದ ನಡುವೆ ಶಿಖರದ ಮೇಲೆ ಕಾಮನಬಿಲ್ಲು ಮೂಡಿರುವ ದೊಡ್ಡ ಚಿತ್ರ 1831ರದು. ಆವರಣದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ವಿಲಿಯಂ ಗೋಲ್ಡಿಂಗ್ 1964ರಲ್ಲಿ ಪ್ರಕಟಿಸಿದ ‘ದ ಸ್ಪೈರ್’ ಕಾದಂಬರಿಯ ವಸ್ತುವೂ ಪಾಯ ಸಾಲದ ಕ್ಯಾಥೆಡ್ರಲ್ಲಿನ ಮೇಲೆ ಶಿಖರ ಏರಿಸುವ ಹಟವೇ.

ಇಂದಿನ ಕ್ಯಾಥೆಡ್ರಲ್

ಸಾಲ್ಸ್‌ಬರಿ ಇಂದಿಗೂ ದಿನನಿತ್ಯ ಪ್ರಾರ್ಥನೆ ನಡೆಯುವ ಚರ್ಚ್. 1991ರಲ್ಲಿ ಇಲ್ಲಿ ಬಾಲಕಿಯರ ಪ್ರತ್ಯೇಕ ಗಾಯಕವೃಂದ ಆರಂಭವಾಯಿತು. ಇಂಗ್ಲೆಂಡಿನ ಕ್ಯಾಥೆಡ್ರಲ್‌ಗಳಲ್ಲಿ ಶತಮಾನಗಳಿಂದ ಬಾಲಕರಿಗಷ್ಟೇ ಇದ್ದ ಅವಕಾಶ ಅದರಿಂದ ಬಾಲಕಿಯರಿಗೂ ತೆರೆಯಿತು. 1980ರಲ್ಲಿ ಟ್ರಿನಿಟಿ ಚಾಪೆಲ್‌ಗೆ ಕಡುನೀಲಿ ಗಾಜಿನ ಕಿಟಕಿಗಳನ್ನು ಹೊಂದಿಸಲಾಯಿತು. ಫ್ರಾನ್ಸಿನ ಶಾರ್ತ್ರ್ ಪಟ್ಟಣದ ಗೇಬ್ರಿಯಲ್ ಲ್ವಾರ್ ರೂಪಿಸಿದ ಅವು ನಂಬಿಕೆಗಾಗಿ ಸೆರೆ ಸೇರಿದವರಿಗೆ ಅರ್ಪಿತ. ಪ್ರತಿಷ್ಠೆಯ 750ನೆಯ ವರ್ಷವಾದ 2008ರಲ್ಲಿ ವಿಲಿಯಂ ಪೈ ರೂಪಿಸಿದ ದೀಕ್ಷಾಸ್ನಾನದ ಕೊಳ ನಡು ಹಜಾರಕ್ಕೆ ಬಂತು. ಅಂಚಿನವರೆಗೆ ತುಂಬಿದ ನೀರು ನಾಲ್ಕು ಮೂಲೆಗಳಿಂದ ಸದಾ ಹರಿದಿಳಿಯುತ್ತದೆ. 2021ರ ಜನವರಿಯಲ್ಲಿ ಕೋವಿಡ್ ಲಸಿಕೆಗೆ ಬಂದ ಊರಿನ ಹಿರಿಯರು ಈ ಹಜಾರದಲ್ಲೇ ಆರ್ಗನ್ ಸಂಗೀತ ಕೇಳುತ್ತ ಸರದಿಗೆ ಕಾದರು.

ಗಾಳಿ, ಮಳೆ, ಹಿಮಕ್ಕೆ ಕಲ್ಲು ಸವೆಯುವುದು ನಿಂತಿಲ್ಲ. 1980ರ ದಶಕದ ಮಧ್ಯದಲ್ಲಿ ಶಿಖರದಿಂದ ಶುರುವಾದ ದುರಸ್ತಿ ಗೋಪುರ, ಮುಖಗೋಡೆ, ಹಜಾರಗಳನ್ನು ಸುತ್ತಿ ಪೂರ್ವ ತುದಿ ಮುಟ್ಟುವಷ್ಟರಲ್ಲಿ ನಾಲ್ಕು ದಶಕಗಳು ಹತ್ತಿರವಾದವು. ಇದು ಕ್ಯಾಥೆಡ್ರಲ್ ಕಟ್ಟಲು ಹಿಡಿದ ಕಾಲದಷ್ಟೇ ಆಯಿತು. ಆವರಣದಲ್ಲೇ ಕ್ಯಾಥೆಡ್ರಲ್ಲಿನ ಸ್ವಂತ ಕಾರ್ಯಾಗಾರವಿದೆ. ಕಲ್ಲುಕುಟಿಗರು ಸವೆದ ಕಲ್ಲಿನ ಅಳತೆ ತೆಗೆದು, ಅದೇ ಸೀಮೆಯ ಸುಣ್ಣಕಲ್ಲಿನಲ್ಲಿ ಹೊಸದನ್ನು ಕಡೆದು, ಸುಣ್ಣದ ಗಾರೆಯಿಂದ ಹಳೆಯ ಜಾಗದಲ್ಲೇ ಕೂರಿಸುತ್ತಾರೆ. ಗಾಜಿನ ಕುಶಲಕರ್ಮಿಗಳು ಸೀಸದ ಪಟ್ಟಿಗಳನ್ನು ಬದಲಿಸುತ್ತಾರೆ. ಹೊಸಬರು ಇಲ್ಲೇ ವರ್ಷಗಟ್ಟಲೆ ಕಲಿತು ಮೇಸ್ತ್ರಿಗಳಾಗುತ್ತಾರೆ. ದೊಡ್ಡ ದುರಸ್ತಿ ಮುಗಿದರೂ ತಪಾಸಣೆ, ಸಣ್ಣಪುಟ್ಟ ರಿಪೇರಿ ನಡೆಯುತ್ತಲೇ ಇರುತ್ತವೆ. ಯಾವ ಕಲ್ಲನ್ನು ಎಂದು ಬದಲಿಸಿದರೆಂಬುದರ ದಾಖಲೆ ಮುಂದೆ ಬರುವ ಮೇಸ್ತ್ರಿಗಳಿಗಾಗಿ ಉಳಿಯುತ್ತದೆ.